ಕಮಲಾಬಾಯಿ ಯಾಕೆ ಒಲ್ಲೆ ಅಂದಳು?

ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಹವ್ಯಾಸಿ ನಾಟಕ ತಂಡ. ಅದಕ್ಕೆ ನಾನು ನಿರ್ದೇಶಕ. ಕಳೆದ ವರ್ಷ ತಂಡದ ಹುಡುಗನೊಬ್ಬ ನಗೆನಾಟಕ ಬರೆದುಕೊಂಡು ಬಂದ. ನಾಯಕ ಶರಣಪ್ಪ, ನಿವೃತ್ತ ಬಸ್ ಕಂಡಕ್ಟರ್. ನಾಯಕಿ ಕಮಲಾಬಾಯಿ, ತೀರಿಹೋದ ಸರ್ಕಾರಿ ಶಾಲೆ ಮಾಸ್ತರರ ಹೆಂಡತಿ. ಇಬ್ಬರಿಗೂ ಅರವತ್ತು ದಾಟಿದೆ. ಊರಿನ ಅಪ್ಪನ ಕೆರೆಯ ದಂಡೆಯ ವಾಕಿಂಗಿನಲ್ಲಿ ಸಲಿಗೆ ಬೆಳೆಯುತ್ತದೆ. ಮಾತುಗಳು ಚೆನ್ನಾಗಿದ್ದವು. ಆದರೆ ಆಕೆ ಎರಡನೇ ದೃಶ್ಯದಲ್ಲಿ ಮದುವೆ ಒಲ್ಲೆ ಅನ್ನುತ್ತಾಳೆ, ನಾಲ್ಕರಲ್ಲಿ ನಗುತ್ತಾಳೆ, ಐದರಲ್ಲಿ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ. ಯಾಕಪ್ಪ ಅಂತ ಕೇಳಿದರೆ ಹುಡುಗ, "ಒಂಟಿತನ ಸರ್" ಅಂದ.

ಮೊದಲು ಆ ಒಂಟಿತನವನ್ನೇ ಹೊಡೆದು ಹಾಕಿಸಿದೆ. ಒಲ್ಲೆ ಅಂದರೂ ಒಂಟಿತನ, ಹೂಂ ಅಂದರೂ ಒಂಟಿತನ ಅಂದರೆ ಹೇಗೆ? ಹರೆಯದವರ ಕಥೆಯಲ್ಲಿ ಅಪ್ಪ ಅಮ್ಮ ಅಡ್ಡ ಬರುತ್ತಾರೆ, ಬಿಡಿಸಿ ಹೇಳಬೇಕಿಲ್ಲ. ಈ ವಯಸ್ಸಿನವರಿಗೆ ಕಳೆದುಕೊಳ್ಳಲು ಏನೋ ಒಂದು ಇರುತ್ತದೆ. ಆಕೆಗೆ ಅದೇನು ಅಂತ ಹುಡುಕಿಸಿದೆ.

ಸಿಕ್ಕಿದ್ದು ಪಿಂಚಣಿ. ಸರ್ಕಾರಿ ನೌಕರನ ವಿಧವೆ ಮರುಮದುವೆಯಾದರೆ ಸಾಮಾನ್ಯವಾಗಿ ಕುಟುಂಬ ಪಿಂಚಣಿ ನಿಲ್ಲುತ್ತದೆ. ಶರಣಪ್ಪನಿಗೋ ಭವಿಷ್ಯ ನಿಧಿಯವರ 1995ರ ಪಿಂಚಣಿ ಯೋಜನೆ, ಇಪಿಎಸ್‌ನ ಪುಡಿಗಾಸು. ಇಬ್ಬರ ಹೊಟ್ಟೆಗೆ ಅದೆಲ್ಲಿ ಸಾಕು! ಹಾಗಾಗಿ ನಾಟಕವನ್ನು ಬ್ಯಾಂಕಿನಿಂದಲೇ ಶುರು ಮಾಡಿದೆವು. ಆಕೆ ಕನ್ನಡಕ ಮರೆತು ಬಂದಿದ್ದಾಳೆ. ವರ್ಷಕ್ಕೊಮ್ಮೆ ಕೊಡುವ ಫಾರಂ ಅನ್ನು ಶರಣಪ್ಪ ತುಂಬಿಕೊಡುತ್ತಾನೆ.

"ಮರುಮದುವಿ ಆಗಿಲ್ಲ ಅಂತ ಬರೀಲೇನ್ರಿ?"

"ಬರೀರಿ. ಈ ವರ್ಷಂತೂ ಆಗಿಲ್ಲ."

ತಾಲೀಮಿನಲ್ಲೇ ಎಲ್ಲರೂ ನಕ್ಕರು. ಮುಂದೆ ಆಕೆ "ನನಗ ಮನಸ್ಸಿಲ್ರಿ" ಅಂದಾಗಲೆಲ್ಲ ಜನಕ್ಕೆ ಗೊತ್ತು, ಮನಸ್ಸಿದೆ, ಪಾಸ್‌ಬುಕ್ ಬಿಡುತ್ತಿಲ್ಲ. ಫಾರಂ ತುಂಬಿದ ಶರಣಪ್ಪನಿಗೇ ಇದು ಹೊಳೆಯುವುದಿಲ್ಲ. ಇದೇ ಗುಟ್ಟನ್ನು ಕೊನೆಗೆ ಒಡೆದಿದ್ದರೆ, ಅಲ್ಲಿಯ ತನಕ ಆಕೆ ಸುಮ್ನೆ ಸತಾಯಿಸುವವಳ ಹಾಗೆ ಕಾಣುತ್ತಿದ್ದಳು.

ಶರಣಪ್ಪನದು ಬೇರೆ ತೊಡಕು. ಮಗ ಬೆಂಗಳೂರಿಗೆ ಬಾ ಅಂತ ಗಂಟುಬಿದ್ದಿದ್ದಾನೆ. ಇಲ್ಲೇ ಸಂಸಾರ ಹೂಡಿದರೆ ಅದು ತಪ್ಪುತ್ತದೆ. ಹಾಗಾದರೆ ಅವನಿಗೆ ಬೇಕಿರುವುದು ಆಕೆಯೋ, ಊರೋ? ಎರಡೂ ಇರಲಿ ಅಂದೆ. ಎರಡು ಕಾರಣ ಇದ್ದರೆ ಜನಕ್ಕೆ ಗೊಂದಲವಾಗುವುದಿಲ್ಲ, ಒಂದೇ ದೃಶ್ಯದಲ್ಲಿ ಎರಡೂ ಎಳೆದಾಡಿದರೆ ಆಗುತ್ತದೆ. ಮಗನ ಫೋನ್ ಬಂದಾಗ ಊರು, ಆಕೆ ರೊಟ್ಟಿಬುತ್ತಿ ಬಿಚ್ಚಿದಾಗ ಆಕೆ. ನಟನ ಪ್ರತಿಯ ಅಂಚಿನಲ್ಲಿ ದೃಶ್ಯಕ್ಕೊಂದು ಪದ ಪೆನ್ಸಿಲಿನಲ್ಲಿ ಬರೆದುಕೊಟ್ಟೆ.

ಆಕೆಯ ಮಗಳ ಪಾತ್ರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. "ಮಂದಿ ಏನಂತಾರ" ಅಂದರೆ ಮುಗಿಯಿತು. ನಮ್ಮ ಕಡೆ ಅದಕ್ಕೆ ಬೇರೆ ಕಾರಣ ಕೇಳುವವರಿಲ್ಲ, ಅಲ್ವಾ?

ಕೊನೆಗೆ ಹುಡುಗ ಮದುವೆ ಇಟ್ಟಿದ್ದ. ಪಿಂಚಣಿ ಏನಾಯಿತು ಅಂತ ಜನ ಕೇಳದೆ ಬಿಡುತ್ತಾರಾ? ತೆಗೆಸಿದೆ. ಈಗ ಶರಣಪ್ಪ ಆಕೆಯ ಮನೆಯ ಮುಂದಿನ ಖೋಲಿಗೆ ಬಾಡಿಗೆಗೆ ಬರುತ್ತಾನೆ, ಕರಾರು ಪತ್ರದ ಸಮೇತ. ಅದನ್ನು ಓದಿದ ಕೂಡಲೇ ಕಮಲಾಬಾಯಿ ಪಾತ್ರದವರು, "ಡಿಪಾಜಿಟ್ ಎಷ್ಟಂತ ಬರದೇ ಇಲ್ಲಲ್ರಿ ಸರ್" ಅಂದರು. ಅದನ್ನೂ ಸೇರಿಸಿದೆವು.