ಕೊರೆಯುವ ಚಳಿಯಲ್ಲಿ ಓಡುತ್ತಿತ್ತು, ಜಿಟಿಜಿಟಿ ಮಳೆಯಲ್ಲಿ ನಿಲ್ಲುತ್ತಿತ್ತು

ನನ್ನ 1979ರ ಫೋರ್ಡ್ ಎಫ್-150 ಪಿಕಪ್ ಟ್ರಕ್ ಸೊನ್ನೆಗಿಂತ 18 ಡಿಗ್ರಿ ಕೆಳಗಿದ್ದ ಬೆಳಿಗ್ಗೆಯೂ ತಕರಾರಿಲ್ಲದೆ ಓಡುತ್ತಿತ್ತು. 4-5 ಡಿಗ್ರಿಯ ಜಿಟಿಜಿಟಿ ಮಳೆಯ ದಿನ ಮಾತ್ರ ಮನೆಯಿಂದ ಮೂರು ಮೈಲಿ ದೂರದ ಸಿಗ್ನಲ್‌ನಲ್ಲಿ ನಡುಗಿ ನಡುಗಿ ಆಫ್ ಆಗುತ್ತಿತ್ತು. ಐದು ನಿಮಿಷ ಸುಮ್ಮನೆ ಕುಳಿತರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಇದರ ಮರ್ಮ ತಿಳಿಯಲು ನನಗೆ ಒಂದು ಇಡೀ ಚಳಿಗಾಲ ಬೇಕಾಯಿತು. ಹಳೆಯ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ ಇಟ್ಟುಕೊಂಡವರಿಗೆ ಅಷ್ಟು ದಿನ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದ ಪಶ್ಚಿಮ ಅಂಚಿನಲ್ಲಿ, ದೊಡ್ಡ ಸರೋವರದ ದಡಕ್ಕೆ ಹತ್ತಿರ. ಇಲ್ಲಿನ ಚಳಿಗಿಂತ ಥಂಡಿಯೇ ಹೆಚ್ಚು. ಅಕ್ಟೋಬರ್ ಕೊನೆಯಿಂದ ಗಾಳಿಯಲ್ಲಿ ನೀರು ತೇಲುತ್ತಲೇ ಇರುತ್ತದೆ. ಸಕಲೇಶಪುರದ ಕಡೆ ಬೆಳೆದವನಿಗೆ ಅದು ಹೊಸದಲ್ಲ. ಟ್ರಕ್ಕಿನಲ್ಲಿರುವುದು ಫೋರ್ಡಿನ 300 ಎಂಜಿನ್: ಸಾಲಾಗಿ ಆರು ಸಿಲಿಂಡರ್, 4.9 ಲೀಟರ್. 1965ರಿಂದ 1996ರವರೆಗೆ ತಯಾರಾದ ಗಟ್ಟಿ ಜೀವ ಅದು. 1987ರಲ್ಲಿ ಅದಕ್ಕೆ ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಸಿಂಪಡಿಸುವ ಫ್ಯುಯೆಲ್ ಇಂಜೆಕ್ಷನ್ ಬಂತು. ನನ್ನದು ಅದಕ್ಕೂ ಹಿಂದಿನದು, ಒಂದೇ ಬಾಯಿಯ ಕಾರ್ಟರ್ ವೈಎಫ್ ಕಾರ್ಬ್ಯುರೇಟರಿನದು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಒಂದು ಥ್ರಾಟಲ್ ತಟ್ಟೆ, ಪೆಟ್ರೋಲ್-ಗಾಳಿ ಮಿಶ್ರಣದ ಹದ ನೋಡುವ ಒಂದು ಮಿಕ್ಸ್ಚರ್ ಸ್ಕ್ರೂ. ಇದಕ್ಕಿಂತ ಸರಳವಾದುದು ಸಿಗುವುದು ಕಷ್ಟ, ಕಲಿಯುವವರಿಗೆ ಇದೇ ಒಳ್ಳೆಯದು.

ಮೊದಲ ಸಲ ಸಿಗ್ನಲ್‌ನಲ್ಲಿ ನಿಂತಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸ್ಕ್ರೂಡ್ರೈವರ್ ತೆಗೆದು ಐಡ್ಲಿಂಗ್ (ಗಾಡಿ ನಿಂತಿರುವಾಗಿನ ಎಂಜಿನ್ ಓಟ) ಸ್ಕ್ರೂ ಬಿಗಿಮಾಡಿದೆ. ಆರ್‌ಪಿಎಂ ಏರಿತು, ಎರಡು ದಿನ ಸರಿಹೋಯಿತು, ಮೂರನೆಯ ದಿನ ಮತ್ತೆ ಅದೇ ಕಥೆ. ಇನ್ನಷ್ಟು ಬಿಗಿಮಾಡಿದೆ. ಆಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಒಳಗೆ ತಿರುಗಿಸಿದರೂ ಹೊರಗೆ ತಿರುಗಿಸಿದರೂ ಎಂಜಿನ್ನಿನ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲ. ಆಗ ನನಗೆ ನಿಜವಾಗಿ ಗಾಬರಿಯಾಯಿತು.

ಕಾರಣ ಹೀಗಿದೆ. ಥ್ರಾಟಲ್ ತಟ್ಟೆ ಮುಚ್ಚಿಕೊಂಡಾಗ ಅದರ ಅಂಚು ತಾಗುವ ಜಾಗದಲ್ಲಿ, ಕಾರ್ಬ್ಯುರೇಟರಿನ ಗೋಡೆಯಲ್ಲಿ, ಉದ್ದನೆಯ ಸಣ್ಣ ಸೀಳುಗಂಡಿಯೊಂದಿದೆ. ಅದರ ಕೆಳಗೆ ಮಿಕ್ಸ್ಚರ್ ಸ್ಕ್ರೂ ಕಾಯುವ ರಂಧ್ರ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಬಹುಮಟ್ಟಿಗೆ ಈ ರಂಧ್ರದಿಂದ ಬರಬೇಕು, ಸೀಳುಗಂಡಿ ಎಳ್ಳಷ್ಟೇ ಕಾಣಬೇಕು. ಐಡ್ಲಿಂಗ್ ಸ್ಕ್ರೂ ಬಿಗಿಮಾಡುತ್ತ ಹೋದ ಹಾಗೆ ತಟ್ಟೆ ತೆರೆದುಕೊಂಡು ಸೀಳುಗಂಡಿ ಪೂರ್ತಿ ಬಯಲಾಗುತ್ತದೆ. ಆಮೇಲೆ ಪೆಟ್ರೋಲ್ ಅಲ್ಲಿಂದಲೇ ಸುರಿಯುತ್ತದೆ, ಮಿಕ್ಸ್ಚರ್ ಸ್ಕ್ರೂವಿಗೆ ಕೆಲಸವೇ ಉಳಿಯುವುದಿಲ್ಲ. ರೋಗ ಹಾಗೆಯೇ ಇತ್ತು, ಅದರ ಮೇಲೆ ನಾನೊಂದು ಹೊಸ ರೋಗವನ್ನು ಹೇರಿದ್ದೆ.

ಆ ವಾರ ಫೋನಿನಲ್ಲಿ ಅಪ್ಪನಿಗೆ ಇದನ್ನು ಹೇಳಿದೆ. ಅವರು ಎಷ್ಟೋ ವರ್ಷ ತೋಟದ ದಾರಿಯಲ್ಲಿ ಪೆಟ್ರೋಲ್ ಜೀಪ್ ಓಡಿಸಿದವರು.

"ಎಷ್ಟು ಸುತ್ತು ತಿರುಗಿಸಿದೆ?" ಎಂದು ಕೇಳಿದರು.

"ಲೆಕ್ಕ ಇಟ್ಟಿಲ್ಲ ಅಪ್ಪ."

"ಹಾಗಾದರೆ ಮೊದಲು ಒಂದು ಪುಸ್ತಕ ತಂದುಕೋ. ಬರೆದಿಟ್ಟುಕೊಳ್ಳದೆ ಯಾವ ಸ್ಕ್ರೂವನ್ನೂ ಮುಟ್ಟಬೇಡ."

ಒಂದು ಸಣ್ಣ ನೋಟ್‌ಬುಕ್ ತಂದು ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಸ್ಕ್ರೂ ಲೆಕ್ಕದ ಜೊತೆಗೆ ಪ್ರತಿ ಬೆಳಿಗ್ಗೆಯ ಉಷ್ಣಾಂಶ, ಆಕಾಶದ ಸ್ಥಿತಿ, ಎಂಜಿನ್ ಎಲ್ಲಿ ಕೈಕೊಟ್ಟಿತು ಎಂಬುದನ್ನೂ ಬರೆಯತೊಡಗಿದೆ. "4 ಡಿಗ್ರಿ, ತುಂತುರು. ಸಿಗ್ನಲ್‌ನಲ್ಲಿ ನಿಂತಿತು. 5 ನಿಮಿಷ ಬಿಟ್ಟು ಸ್ಟಾರ್ಟ್." "-11, ಬಿಸಿಲು. ತೊಂದರೆ ಇಲ್ಲ." "2 ಡಿಗ್ರಿ, ಮಂಜು. ಎರಡು ಸಲ ನಿಂತಿತು." ಹೀಗೆ ಹದಿನೈದಿಪ್ಪತ್ತು ಸಾಲು.

ಈ ನಡುವೆ, ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಚೋಕ್ ನೋಡಿದೆ. ಅಪ್ಪನ ಜೀಪಿನಲ್ಲಿ ಚೋಕ್ ಎಂದರೆ ಕೈಯಿಂದ ಎಳೆಯುವ ಗುಬುಟು. ಇದರಲ್ಲಿ ಅದು ತಾನಾಗಿ ಕೆಲಸ ಮಾಡುತ್ತದೆ: ಕಪ್ಪು ಮುಚ್ಚಳದೊಳಗೆ ಎರಡು ಲೋಹಗಳ ಸುರುಳಿಯೊಂದಿದ್ದು, ಅದು ತಣ್ಣಗಿರುವಾಗ ಚೋಕ್ ಮುಚ್ಚುತ್ತದೆ, ಬಿಸಿಯಾದಂತೆ ಬಿಚ್ಚಿಕೊಂಡು ತೆರೆಯುತ್ತದೆ. ಆ ಸುರುಳಿಯನ್ನು ಕಾಯಿಸುವ ವೈರ್ ಆಲ್ಟರ್ನೇಟರಿನ (ಗಾಡಿಗೆ ವಿದ್ಯುತ್ ಹುಟ್ಟಿಸುವ ಯಂತ್ರದ) ಸ್ಟೇಟರ್ ತುದಿಯಿಂದ ಬರಬೇಕು, ಅಲ್ಲಿ ಸಿಗುವುದು ಸುಮಾರು 7 ವೋಲ್ಟ್. ಹಿಂದೆ ಯಾರೋ ಅದನ್ನು ಇಗ್ನಿಷನ್ ಕಾಯಿಲಿಗೆ ಸೇರಿಸಿದ್ದರು. ಸ್ಪಾರ್ಕಿಗೆ ಬೇಕಾದ ಶಕ್ತಿಯಲ್ಲಿ ಚೋಕ್ ಪಾಲು ಕೇಳುತ್ತಿತ್ತು. ವೈರನ್ನು ಅದರ ಜಾಗಕ್ಕೆ ಮರಳಿಸಿ, ಚೋಕ್ ಕಡ್ಡಿಗಳ ಮೇಲಿನ ಜಿಡ್ಡನ್ನು ಕ್ಲೀನರ್‌ನಿಂದ ತೊಳೆದೆ. ಸ್ಟಾರ್ಟಿಂಗ್ ಚುರುಕಾಯಿತು, ಸಿಗ್ನಲ್‌ನಲ್ಲಿ ನಿಲ್ಲುವುದು ಮಾತ್ರ ನಿಲ್ಲಲಿಲ್ಲ.

ಮುಂದಿನ ಅನುಮಾನ ಗಾಳಿ ಸೋರಿಕೆ. ಕಾರ್ಬ್ಯುರೇಟರಿನ ಕೆಳಗಿನಿಂದ ಎಂಜಿನ್ ಕಳ್ಳಗಾಳಿ ಎಳೆದುಕೊಂಡರೆ ಮಿಶ್ರಣ ತೆಳುವಾಗಿ ಐಡ್ಲಿಂಗ್ ಕುಸಿಯುತ್ತದೆ. ಚಳಿಯಲ್ಲಿ ಹಳೆಯ ರಬ್ಬರ್ ಕಲ್ಲಿನ ಹಾಗೆ ಗಟ್ಟಿಯಾಗಿ ಬಿರುಕು ಬಾಯಿಬಿಡುತ್ತದೆ, ಎಂಜಿನ್ ಕಾದ ಮೇಲೆ ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಇದನ್ನು ತಣ್ಣಗಿನ ಎಂಜಿನ್ನಿನಲ್ಲೇ ಹುಡುಕಬೇಕು. ಕ್ಲೀನರ್ ಸ್ಪ್ರೇ ಮಾಡಿ ಆರ್‌ಪಿಎಂ ಬದಲಾಗುತ್ತದೆಯೇ ಎಂದು ನೋಡುವವರಿದ್ದಾರೆ. ಅದು ಬೆಂಕಿ ಹೊತ್ತುವ ವಸ್ತು, ಸುಡುವ ಹೊಗೆ ಹೊರಹೋಗುವ ಎಕ್ಸಾಸ್ಟ್ ಮೆನಿಫೋಲ್ಡ್ ಪಕ್ಕದಲ್ಲೇ ಇರುತ್ತದೆ. ನನಗೆ ಆ ವಿಧಾನ ಇಷ್ಟವಿಲ್ಲ. ಒಂದು ಮೊಳ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಗ್ಯಾಸ್ಕೆಟ್, ಹೋಸ್, ಜೋಡಣೆಗಳ ಸುತ್ತ ನಿಧಾನವಾಗಿ ಆಡಿಸಿದೆ. ಪಿಸಿವಿ ವಾಲ್ವಿನ (ಎಂಜಿನ್ನಿನೊಳಗಿನ ಹೊಗೆಯನ್ನು ಮತ್ತೆ ಉರಿಯಲು ಕಳಿಸುವ ವಾಲ್ವ್) ಹೋಸ್ ಬಾಗುವ ಮೂಲೆಯಲ್ಲಿ ಹಾವು ಬುಸುಗುಟ್ಟಿದಂತೆ ಸದ್ದು. ಬೆರಳಿನಿಂದ ಒತ್ತಿದರೆ ಸದ್ದು ನಿಂತು ಎಂಜಿನ್ ಒಮ್ಮೆಗೇ ಸಮಾಧಾನಗೊಂಡಿತು. ಆ ಹೋಸನ್ನು ಹೊರತೆಗೆದು ಬಗ್ಗಿಸಿದರೆ ಕೆಳಭಾಗದಲ್ಲಿ ಉಗುರಿನಷ್ಟು ಉದ್ದದ ಸೀಳು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚಳಿಯೆಂದು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ಕೊರಳಿನ ಮಫ್ಲರ್ ಬಿಚ್ಚಿಟ್ಟೇ ಬಾನೆಟ್ಟಿನ ಕೆಳಗೆ ಬಗ್ಗಿ. ತಿರುಗುವ ಫ್ಯಾನು ಮತ್ತು ಜೋತುಬಿದ್ದ ಬಟ್ಟೆ ಒಂದೆಡೆ ಇರಬಾರದು.

ಹೊಸ ಹೋಸ್ ಹಾಕಿದ ಮೇಲೆ ಮುಕ್ಕಾಲು ಪಾಲು ಗುಣವಾಯಿತು. ಮಿಸ್ಸಿಂಗ್ (ಎಂಜಿನ್ ತಡವರಿಸುವುದು) ಹೋಯಿತು, ನಡುಕ ಹೋಯಿತು. ಮುಂದಿನ ಜಿಟಿಜಿಟಿ ಮಳೆಯ ಬೆಳಿಗ್ಗೆ ಅದೇ ಸಿಗ್ನಲ್‌ನಲ್ಲಿ ಮತ್ತೆ ಆಫ್.

ಆ ದಿನ ಸ್ಟಾರ್ಟ್ ಮಾಡಲು ಹೋಗಲಿಲ್ಲ. ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಬಾನೆಟ್ ಎತ್ತಿ, ಏರ್ ಕ್ಲೀನರಿನ ಚಿಟ್ಟೆ ನಟ್ ಬಿಚ್ಚಿ ಮುಚ್ಚಳ ತೆಗೆದೆ. ಕಾರ್ಬ್ಯುರೇಟರಿನ ಕುತ್ತಿಗೆಯ ಹೊರಮೈಯೆಲ್ಲ ಬೆವರಿತ್ತು, ಕೆಳಗೆ ಥ್ರಾಟಲ್ ಇರುವ ಮಟ್ಟದಲ್ಲಿ ಆ ಬೆವರು ಬಿಳಿಯ ಹಿಮಪುಡಿಯಾಗಿತ್ತು. ಚೋಕ್ ತಟ್ಟೆಯನ್ನು ಬೆರಳಿನಿಂದ ತೆರೆದು ಹಿಡಿದು ಟಾರ್ಚ್ ಬಿಟ್ಟೆ. ಥ್ರಾಟಲ್ ತಟ್ಟೆಯ ಅಂಚಿನ ಸುತ್ತ ಕಲ್ಲುಪ್ಪಿನ ಹರಳು ಅಂಟಿಸಿದ ಹಾಗೆ ಮಂಜುಗಡ್ಡೆಯ ಬಳೆ. ನಾನು ನೋಡುತ್ತಿದ್ದ ಹಾಗೆಯೇ ಅದು ಮಂಕಾಗಿ, ಅಂಚು ಜಾರಿ, ಒಂದೊಂದೇ ಹನಿಯಾಗಿ ತಟ್ಟೆಯ ಮೇಲೆ ಇಳಿಯಿತು. ಮೂರ್ನಾಲ್ಕು ನಿಮಿಷದಲ್ಲಿ ಅಲ್ಲಿ ತೇವ ಬಿಟ್ಟರೆ ಏನೂ ಇರಲಿಲ್ಲ. ಕೀ ತಿರುಗಿಸಿದೆ, ಸ್ಟಾರ್ಟ್ ಆಯಿತು. ಇಷ್ಟು ದಿನ ನಾನು ಕಾದು ಕುಳಿತ ಐದು ನಿಮಿಷದಲ್ಲಿ ಆಗುತ್ತಿದ್ದದ್ದು ಇದೇ.

ನೋಟ್‌ಬುಕ್ಕಿನ ಸಾಲುಗಳೆಲ್ಲ ಆಗ ಒಂದಕ್ಕೊಂದು ಕೂಡಿಕೊಂಡವು. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೈಯ ಮೇಲೆ ಸ್ಪಿರಿಟ್ ಬಿದ್ದರೆ ತಣ್ಣಗಾಗುತ್ತದಲ್ಲ, ಹಾಗೆ. ಜೊತೆಗೆ ಇಕ್ಕಟ್ಟಿನಲ್ಲಿ ನುಗ್ಗಿದ ಗಾಳಿ ಹಿಗ್ಗಿ ಇನ್ನಷ್ಟು ತಣ್ಣಗಾಗುತ್ತದೆ. ಎರಡೂ ಸೇರಿ ಕಾರ್ಬ್ಯುರೇಟರಿನೊಳಗೆ ಉಷ್ಣಾಂಶ 20 ಡಿಗ್ರಿ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಇಳಿಯಬಹುದು. ಹೊರಗೆ 5 ಡಿಗ್ರಿಯಿದ್ದರೂ ಒಳಗೆ ಹೆಪ್ಪುಗಟ್ಟುವ ಚಳಿ. ಆದರೆ ಹೆಪ್ಪುಗಟ್ಟಲು ನೀರಿರಬೇಕಲ್ಲ? 5 ಡಿಗ್ರಿಯ ತೇವ ತುಂಬಿದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 7 ಗ್ರಾಂ ನೀರಾವಿ ಇರುತ್ತದೆ, -15ರಲ್ಲಿ ಒಂದೂವರೆ ಗ್ರಾಂ ಮಾತ್ರ. ಕಡುಚಳಿಯ ಗಾಳಿ ಒಣಗಾಳಿ. ನನ್ನ ಟ್ರಕ್ ಕೊರೆಯುವ ಚಳಿಯಲ್ಲಿ ಓಡಿ ಥಂಡಿಯಲ್ಲಿ ನಿಲ್ಲುತ್ತಿದ್ದದ್ದು ಇದಕ್ಕೇ. ಐಡ್ಲಿಂಗ್‌ನಲ್ಲಿ ಥ್ರಾಟಲ್ ತಟ್ಟೆಯ ಸುತ್ತ ಇರುವ ಸಂದು ಕೂದಲೆಳೆಯಷ್ಟು, ಅದನ್ನು ಮುಚ್ಚಲು ಎಷ್ಟು ಮಂಜುಗಡ್ಡೆ ಬೇಕು? ಸಣ್ಣ ವಿಮಾನ ಹಾರಿಸುವವರಿಗೆ ಇದು ಮೊದಲ ಪಾಠಗಳಲ್ಲೊಂದು. ಸೆಸ್ನಾ 150ರಂಥ ವಿಮಾನಗಳಲ್ಲಿ ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡಲೆಂದೇ ಪೈಲಟ್ ಮುಂದೆ ಒಂದು ಗುಬುಟು ಇರುತ್ತದೆ.

ಟ್ರಕ್ಕಿನಲ್ಲೂ ಬಿಸಿಗಾಳಿಯ ಏರ್ಪಾಡು ಇತ್ತು. ಎಕ್ಸಾಸ್ಟ್ ಮೆನಿಫೋಲ್ಡಿನ ಮೇಲೆ ಒಂದು ತಗಡಿನ ಹೊದಿಕೆ. ಅಲ್ಲಿಂದ ಏರ್ ಕ್ಲೀನರಿನ ಮೂತಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಕಾಗದದ ಸುಕ್ಕು ಕೊಳವೆ. ಮೂತಿಯೊಳಗೆ ಒಂದು ಕದ, ಅದನ್ನು ಎತ್ತಲು ಎಂಜಿನ್ನಿನ ವ್ಯಾಕ್ಯೂಮ್‌ನಿಂದ (ಗಾಳಿ ಎಳೆತದಿಂದ) ನಡೆಯುವ ಡಯಾಫ್ರಮ್ ಪೊರೆ. ತಣ್ಣಗಿರುವಾಗ ಕದ ಬಿಸಿಗಾಳಿಗೆ ದಾರಿ ಬಿಡುತ್ತದೆ, ಒಳಗೆ ಬೆಚ್ಚಗಾದ ಮೇಲೆ ಹೊರಗಿನ ಗಾಳಿಗೆ. ನನ್ನ ಟ್ರಕ್ಕಿನಲ್ಲಿ ತಗಡು ಇತ್ತು, ಕದ ಇತ್ತು, ನಡುವಿನ ಕೊಳವೆ ಮಾತ್ರ ಇರಲಿಲ್ಲ. ಮೂತಿಯ ಕೆಳಗಿನ ತೂತನ್ನು ನಾನು ಎಷ್ಟೋ ಸಲ ನೋಡಿದ್ದೆ, ಅದು ಯಾತಕ್ಕೆಂದು ಕೇಳಿಕೊಂಡಿರಲಿಲ್ಲ. ಮಾಲಿನ್ಯ ತಡೆಯ ಬೇಡದ ಸಾಮಾನೆಂದು ಅನೇಕರು ಇದನ್ನು ಕಿತ್ತೆಸೆಯುತ್ತಾರೆ. ನನಗೆ ಇದು ನೋವಿನ ಸಂಗತಿ. ಎಂಜಿನ್ ಕಟ್ಟಿದವರು ಚಳಿನಾಡಿನ ಬೆಳಿಗ್ಗೆಗಳನ್ನು ಬಲ್ಲವರಾಗಿದ್ದರು.

ಡಯಾಫ್ರಮ್ ಪರೀಕ್ಷೆ ಸುಲಭ. ಅದರ ಸಣ್ಣ ಹೋಸನ್ನು ಬಾಯಿಂದ ಎಳೆದು ತುದಿಯನ್ನು ನಾಲಗೆಯಿಂದ ಮುಚ್ಚಿ. ಕದ ಎದ್ದು ಹಾಗೆಯೇ ನಿಂತರೆ ಸರಿ, ಮೆಲ್ಲಗೆ ಬಿದ್ದರೆ ಹರಿದಿದೆ. ನನ್ನದು ನಿಂತಿತು. ಬಿಡಿಭಾಗದ ಅಂಗಡಿಯಿಂದ ಕೊಳವೆ ತಂದು ಎರಡು ಕ್ಲಾಂಪ್ ಹಾಕಿದೆ, ಹತ್ತು ನಿಮಿಷದ ಕೆಲಸ. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಮೂತಿಯನ್ನು ಮುಟ್ಟಿದರೆ ಕಾಫಿ ಲೋಟದಷ್ಟು ಬೆಚ್ಚಗಿತ್ತು.

ಆಮೇಲೆ ನಾನು ಕೆಡಿಸಿದ್ದ ಸ್ಕ್ರೂಗಳು. ಐಡ್ಲಿಂಗ್ ಸ್ಕ್ರೂವನ್ನು ತಟ್ಟೆ ಪೂರ್ತಿ ಮುಚ್ಚುವವರೆಗೆ ಸಡಿಲಿಸಿ, ತಾಗಿದಲ್ಲಿಂದ ಒಂದೂವರೆ ಸುತ್ತು ಒಳಗೆ ತಂದೆ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ ಒಂದೂವರೆ ಸುತ್ತು ಹೊರಗೆ. ಒತ್ತಿ ಬಿಗಿಮಾಡಿದರೆ ಅದರ ಸೂಜಿಮೊನೆ ಹಾಳಾಗುತ್ತದೆ. ಎಂಜಿನ್ ಪೂರ್ತಿ ಕಾದು ಚೋಕ್ ನೆಟ್ಟಗೆ ನಿಂತ ಮೇಲೆ, ಇನ್‌ಟೇಕ್ ಮೆನಿಫೋಲ್ಡಿಗೆ (ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಕೊಳವೆಗೆ) ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಸೇರಿಸಿ, ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ಮುಳ್ಳು ಎಲ್ಲಿ ಅತಿ ಎತ್ತರಕ್ಕೇರುತ್ತದೆ ಎಂದು ನೋಡಿದೆ. 19 ಇಂಚಿನಲ್ಲಿ (ಪಾದರಸದ ಅಳತೆ) ಮುಳ್ಳು ಅಲುಗದೆ ನಿಂತಿತು. ಆರ್‌ಪಿಎಂ ಏರಿದ್ದನ್ನು ಐಡ್ಲಿಂಗ್ ಸ್ಕ್ರೂವಿನಿಂದ 650ರ ಆಸುಪಾಸಿಗೆ ಇಳಿಸಿ, ಮತ್ತೊಮ್ಮೆ ಮಿಕ್ಸ್ಚರ್ ನೋಡಿದೆ. ಈಗ ಕಾಲು ಸುತ್ತಿಗೂ ಎಂಜಿನ್ ಉತ್ತರ ಕೊಡುತ್ತಿತ್ತು. ನಿಮ್ಮ ಗಾಡಿಯ ಬಾನೆಟ್ಟಿನಡಿ ಸ್ಟಿಕ್ಕರ್ ಓದುವಂತಿದ್ದರೆ ಅದರಲ್ಲಿರುವ ಆರ್‌ಪಿಎಂ ಅನ್ನೇ ಪಾಲಿಸಿ, ನನ್ನದರಲ್ಲಿ ಅಕ್ಷರ ಮಾಸಿಹೋಗಿತ್ತು.

ಇದೇ ಎಂಜಿನ್ ಇರುವವರಿಗೆ ಇನ್ನೆರಡು ಮಾತು. ಎಕ್ಸಾಸ್ಟ್ ಮೆನಿಫೋಲ್ಡ್ ತೆಗೆದು ಕೊಳವೆ ಹೆಡರ್ ಹಾಕಿಸಿದ್ದರೆ ತಗಡಿನ ಹೊದಿಕೆಯ ಜೊತೆಗೆ ಕಾರ್ಬ್ಯುರೇಟರಿನ ಕೆಳಗಿನ ಶಾಖವೂ ಹೋಗಿರುತ್ತದೆ. ಅಂಥ ಗಾಡಿಗೆ ಬರೀ ಸುಕ್ಕು ಕೊಳವೆ ಸಾಲದು. ಎಂಜಿನ್ ಕಾಯಲು ಅರ್ಧ ಗಂಟೆ ಹಿಡಿಯುತ್ತಿದ್ದರೆ ಕಾರ್ಬ್ಯುರೇಟರ್ ಮುಟ್ಟುವ ಮೊದಲು ಎಂಜಿನ್ ತಂಪುನೀರಿನ ಹರಿವು ಕಾಯುವ ಥರ್ಮೋಸ್ಟಾಟ್ ನೋಡಿ, ಅದು ತೆರೆದುಕೊಂಡೇ ಸಿಕ್ಕಿಕೊಂಡಿರಬಹುದು.

ಕೊಳವೆ ಹಾಕಿದ ನಾಲ್ಕನೆಯ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು: "3 ಡಿಗ್ರಿ, ಮಳೆ. ಸಿಗ್ನಲ್ ಕೆಂಪು. ನಿಲ್ಲಲಿಲ್ಲ." ಕಾಗದದ ಕೊಳವೆಯಾದ್ದರಿಂದ ಕೆಲವು ವರ್ಷಕ್ಕೊಮ್ಮೆ ಹರಿಯುತ್ತದೆ. ಇನ್ನೊಂದನ್ನು ತಂದು ಸೀಟಿನ ಹಿಂದೆ ಇಟ್ಟಿದ್ದೇನೆ.