ಮಂಜಿನಲ್ಲಿ ರೇಡಿಯೋ ಹಿಡಿದು ದಿಕ್ಕು ಹುಡುಕುವುದು ಹೇಗೆ? ಎಷ್ಟು ನಂಬಬಹುದು?

ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿಸುವುದು, ಎಲ್ಲಿ ಜೋರಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ ‘ನೋಡ್ರಿ, ಧಾರವಾಡ ಸ್ಟೇಷನ್ ಈ ಕಡೆ ಐತಿ’ ಎನ್ನುವುದು. ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನ ದಡದಲ್ಲಿ ಇದನ್ನು ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ. ಬೆರಳು ತೋರಿಸಿದ ದಿಕ್ಕಿಗೂ ನಿಜವಾದ ದಿಕ್ಕಿಗೂ ಇಪ್ಪತ್ತು ಮೂವತ್ತು ಡಿಗ್ರಿ ವ್ಯತ್ಯಾಸ ಇರುತ್ತದೆ. ಆಮೇಲೆ ‘ಇದೆಲ್ಲಾ ಸುಳ್ಳು’ ಅಂತ ರೇಡಿಯೋವನ್ನೇ ಬೈಯುತ್ತಾರೆ. ರೇಡಿಯೋದ್ದೇನೂ ತಪ್ಪಿಲ್ಲ, ಕೇಳುವ ರೀತಿ ತಪ್ಪು.

ಡಿಸೆಂಬರ್, ಜನವರಿಯ ಬೆಳಗ್ಗೆ ಹಿನ್ನೀರಿನ ಮೇಲೆ ಮಂಜು ಕೂತಾಗ ಹರಗೋಲಿನಲ್ಲಿ ಇರುವವನಿಗೆ ನಾಲ್ಕು ಮಾರು ಆಚೆ ಕಾಣುವುದಿಲ್ಲ. ಮೊಬೈಲ್‌ನಲ್ಲಿ ಜಿಪಿಎಸ್ ಇದೆಯಲ್ಲ ಎನ್ನುತ್ತೀರಿ. ಇದೆ, ಚಾರ್ಜ್ ಇರುವ ತನಕ, ನೀರಿಗೆ ಬೀಳುವ ತನಕ. ಅದು ನಡೆಯುತ್ತಿದ್ದರೆ ಅದನ್ನೇ ನೋಡಿ, ಸುಮ್ನೆ ಹಠ ಬೇಡ. ಅದು ಕೈಕೊಟ್ಟಾಗ ಎರಡು ಸೆಲ್ಲಿನ ರೇಡಿಯೋ ಏನು ಹೇಳುತ್ತದೆ, ಎಷ್ಟು ಸರಿಯಾಗಿ ಹೇಳುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ. ಜಿಪಿಎಸ್ ಬರುವ ಮುಂಚೆ ಸಮುದ್ರದ ಹಡಗುಗಳೂ ಹೀಗೇ ಮಾಡುತ್ತಿದ್ದವು. ದಡದ ಮೇಲೆ ರೇಡಿಯೋ ಬೀಕನ್‌ಗಳು, ಅಂದರೆ ದಿಕ್ಕು ಹಿಡಿಯಲೆಂದೇ ಸಿಗ್ನಲ್ ಬಿಡುವ ಸ್ಟೇಷನ್‌ಗಳು ಇರುತ್ತಿದ್ದವು, ಹಡಗಿನಲ್ಲಿ ತಿರುಗಿಸಬಹುದಾದ ಆಂಟೆನಾ ಇರುತ್ತಿತ್ತು.

ಹಂತ 1. ರೇಡಿಯೋ

ಮೀಡಿಯಂ ವೇವ್ ಹಿಡಿಯುವ ಸೆಟ್ಟೇ ಬೇಕು. ಪೆನ್‌ಡ್ರೈವ್ ಹಾಕುವ, ಬಣ್ಣಬಣ್ಣದ ಲೈಟ್ ಮಿನುಗುವ ‘ರೇಡಿಯೋ ಸ್ಪೀಕರ್’ಗಳು ಈ ಕೆಲಸಕ್ಕೆ ಬೇಡವೇ ಬೇಡ. ಅವುಗಳಲ್ಲಿ ಎಷ್ಟೋ ಬರೀ ಎಫ್‌ಎಂ, ಮೀಡಿಯಂ ವೇವ್ ಇದ್ದರೂ ಒಳಗಿನ ಲೈಟಿನ ಗದ್ದಲವೇ ಜಾಸ್ತಿ. ಎಫ್‌ಎಂ ಅಲೆ ಗುಡ್ಡ, ಕಟ್ಟಡಗಳಿಗೆ ಬಡಿದು ನಾಲ್ಕು ಕಡೆಯಿಂದ ಬರುತ್ತದೆ, ಅದರಿಂದ ದಿಕ್ಕು ಹಿಡಿಯುವುದು ಕಷ್ಟ. ಮುಳ್ಳು ತಿರುಗಿಸುವ ಹಳೇ ನಮೂನೆಯ ಸೆಟ್ಟು ಸಿಕ್ಕರೆ ಅದೇ ಒಳ್ಳೆಯದು. ಹೊಸ ಡಿಜಿಟಲ್ ಸೆಟ್ಟುಗಳಲ್ಲಿ ಕೆಲವು ಸಿಗ್ನಲ್ ಸ್ವಲ್ಪ ಕಡಿಮೆಯಾದ ಕೂಡಲೇ ತಾವೇ ಸದ್ದು ಮುಚ್ಚಿಬಿಡುತ್ತವೆ. ಮುಂದೆ ಹೇಳುವ ಕೆಲಸ ಅವುಗಳಿಂದ ಕೆಡುತ್ತದೆ.

ಹಂತ 2. ಸ್ಟೇಷನ್

ನಮ್ಮ ಕಡೆಗೆ ಧಾರವಾಡ 765 ಕಿಲೋಹರ್ಟ್ಸ್, ಭದ್ರಾವತಿ 675, ಕಲಬುರಗಿ 1107, ಬೆಂಗಳೂರು 612, ಹೈದರಾಬಾದ್ 738. ಯಾವುದು ಎಷ್ಟು ಹೊತ್ತಿಗೆ ಬರುತ್ತದೆ, ನಿಮ್ಮ ಸೆಟ್ಟಿಗೆ ಸಿಗುತ್ತಾ ಅಂತ ಮೊದಲು ಮನೆ ಮಾಳಿಗೆ ಮೇಲೆ ನೋಡಿಕೊಳ್ಳಿ. ಮಾತು ಬರುತ್ತಿರುವಾಗ ದಿಕ್ಕು ಹಿಡಿಯುವುದು ಹಾಡಿಗಿಂತ ಸುಲಭ.

ಹಂತ 3. ಸದ್ದು ಅಡಗಿಸುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಸೆಟ್ಟಿನ ಒಳಗೆ, ಸಾಮಾನ್ಯವಾಗಿ ಮೇಲಂಚಿನ ಉದ್ದಕ್ಕೂ, ಕಪ್ಪು ಫೆರೈಟ್ ಕಡ್ಡಿ ಇರುತ್ತದೆ. ಅದಕ್ಕೆ ತಂತಿ ಸುತ್ತಿರುತ್ತಾರೆ. ಮೀಡಿಯಂ ವೇವ್‌ಗೆ ಅದೇ ಆಂಟೆನಾ. ಹೊರಗೆ ಎಳೆಯುವ ಉದ್ದನೆಯ ಕೋಲು ಎಫ್‌ಎಂಗೆ, ಅದನ್ನು ಒಳಗೆ ತಳ್ಳಿಬಿಡಿ. ಕಡ್ಡಿ ಸ್ಟೇಷನ್ನಿಗೆ ಅಡ್ಡಡ್ಡ ಇದ್ದಾಗ ಸದ್ದು ಜೋರು. ಕಡ್ಡಿಯ ತುದಿ ನೇರವಾಗಿ ಸ್ಟೇಷನ್ ಕಡೆ ಮುಖ ಮಾಡಿದಾಗ ಸದ್ದು ಅಡಗುತ್ತದೆ. ನಮಗೆ ಬೇಕಾದದ್ದು ಈ ಅಡಗುವ ಜಾಗ.

ಯಾಕೆ ಅಂದರೆ, ಜೋರಿನ ಜಾಗದಿಂದ 20 ಡಿಗ್ರಿ ತಿರುಗಿಸಿದರೂ ಸಿಗ್ನಲ್ ಕಡಿಮೆಯಾಗುವುದು ನೂರಕ್ಕೆ ಆರು ಪಾಲು ಮಾತ್ರ. ನಮ್ಮ ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ಅಡಗುವ ಜಾಗದ ಹತ್ತಿರ ಹಾಗಲ್ಲ. ಅಲ್ಲಿ ಒಂದು ಡಿಗ್ರಿ ಆಚೆ ಇದ್ದದ್ದು ಎರಡು ಡಿಗ್ರಿ ಆದರೆ ಸಿಗ್ನಲ್ ಎರಡು ಪಟ್ಟಾಗುತ್ತದೆ. ಅದು ಕಿವಿಗೆ ತಟ್ಟನೆ ಗೊತ್ತಾಗುತ್ತದೆ.

ಸೆಟ್ಟನ್ನು ಮಟ್ಟವಾಗಿ ಹಿಡಿಯಿರಿ, ಓರೆ ಮಾಡಬೇಡಿ. ಸಾಧ್ಯವಾದರೆ ಒಂದು ಹಲಗೆ ಮೇಲೆ ಇಟ್ಟು ಹಲಗೆಯನ್ನೇ ತಿರುಗಿಸಿ, ಕೈ ಕಡ್ಡಿಯ ಹತ್ತಿರ ಬರಬಾರದು. ಇಯರ್‌ಫೋನ್ ಸಿಕ್ಕಿಸಬೇಡಿ. ಅದರ ತಂತಿಯೂ ಆಂಟೆನಾದ ಹಾಗೆ ಕೆಲಸ ಮಾಡಿ ಅಡಗುವ ಜಾಗವನ್ನು ಮಸುಕು ಮಾಡುತ್ತದೆ. ಈಗ ನಿಧಾನಕ್ಕೆ ತಿರುಗಿಸಿ. ಮಾತು ಮುಳುಗಿ ಬರೀ ಸುಯ್ ಎನ್ನುವ ಸದ್ದು ಬಂದ ಕೂಡಲೇ ಅಲ್ಲೇ ನಿಲ್ಲಿಸಿಬಿಡುವವರು ಜಾಸ್ತಿ. ನಿಲ್ಲಿಸಬೇಡಿ. ಅಲ್ಲೊಂದು ಗುರುತು ಮಾಡಿ ಮುಂದೆ ತಿರುಗಿಸುತ್ತಾ ಹೋಗಿ, ಮಾತು ಮತ್ತೆ ಅಷ್ಟೇ ಮಟ್ಟಿಗೆ ಕೇಳಿದಲ್ಲಿ ಇನ್ನೊಂದು ಗುರುತು ಮಾಡಿ. ಎರಡರ ನಟ್ಟನಡುವೆ ನಿಮ್ಮ ಗೆರೆ. ಆಮೇಲೆ ಹಿಂದಕ್ಕೆ ತಿರುಗಿಸಿ ಅದನ್ನೇ ಮಾಡಿ. ನಾಲ್ಕೈದು ಸಲ ಮಾಡಿದರೆ ಗೆರೆಗಳು ಒಂದೇ ಕಡೆ ಗುಂಪಾಗುತ್ತವೆ. ಗುಂಪಾಗದಿದ್ದರೆ ಆ ಹೊತ್ತಿಗೆ ಆ ಸ್ಟೇಷನ್ನನ್ನು ಬಿಟ್ಟುಬಿಡಿ.

ಇನ್ನೊಂದು ತೊಂದರೆ ಇದೆ. ಸಿಗ್ನಲ್ ಕಡಿಮೆಯಾದರೆ ಸೆಟ್ಟು ತಾನೇ ಸದ್ದು ಏರಿಸುತ್ತದೆ. ಹಾಡು ಕೇಳುವವರಿಗೆ ಅದು ಅನುಕೂಲ, ನಮಗೆ ಕಾಟ. ಅದಕ್ಕೆ ಮಾತು ಎಷ್ಟು ಜೋರಿದೆ ಎಂದು ಕೇಳುವುದಕ್ಕಿಂತ ಹಿಂದಿನ ಸುಯ್ ಸದ್ದು ಎಲ್ಲಿ ಜಾಸ್ತಿಯಾಯಿತು ಎಂದು ಕೇಳಿ. ಮುಳ್ಳಿನ ಸೆಟ್ಟಾದರೆ ಸ್ಟೇಷನ್ನಿನಿಂದ ಕೂದಲೆಳೆಯಷ್ಟು ಪಕ್ಕಕ್ಕೆ ತಿರುಗಿಸಿ ಕೇಳುವುದೂ ಒಂದು ಉಪಾಯ, ನನಗಂತೂ ಅದೇ ಇಷ್ಟ.

ಅಡಗುವ ಜಾಗ ಎಷ್ಟು ಅಗಲ ಇದೆ ಅನ್ನುವುದೇ ನಿಮ್ಮ ಗೆರೆಯ ಯೋಗ್ಯತೆ. ಐದಾರು ಡಿಗ್ರಿ ಅಗಲ ಇದ್ದರೆ ನಡುಗೆರೆಯನ್ನು ನಂಬಬಹುದು. ಮೂವತ್ತು ಡಿಗ್ರಿ ಇದ್ದರೆ ಬೇಡ. ರೇಡಿಯೋ ದಿಕ್ಕು ಹೇಳುವ ಸ್ಟೇಷನ್‌ಗಳವರು ತಮ್ಮ ಅಳತೆಗೆ ದರ್ಜೆ ಕೊಡುತ್ತಿದ್ದರು. ಎ ಅಂದರೆ 2 ಡಿಗ್ರಿ ಒಳಗೆ, ಬಿ ಅಂದರೆ 5, ಸಿ ಅಂದರೆ 10. ಹರಗೋಲಿನಲ್ಲಿ ಕೂತು ಮನೆ ರೇಡಿಯೋ ತಿರುಗಿಸುವ ನೀವು ಬಿ ದರ್ಜೆ ಮುಟ್ಟಿದರೆ ಭೇಷ್.

ಹಂತ 4. ಮುಂದೋ ಹಿಂದೋ?

ಕಡ್ಡಿಗೆ ಎರಡು ತುದಿ. ಸ್ಟೇಷನ್ ಈ ತುದಿಯ ಕಡೆ ಇದೆಯೋ ಆ ತುದಿಯ ಕಡೆ ಇದೆಯೋ ಅದು ಹೇಳುವುದಿಲ್ಲ. ‘ಇನ್ನೊಂದು ಸ್ಟೇಷನ್ ಹಿಡಿದರೆ ಗೊತ್ತಾಗುತ್ತದೆ’ ಎಂದು ಬುದ್ಧಿವಂತರೇ ಹೇಳುತ್ತಾರೆ. ಇಲ್ಲ, ಆಗುವುದಿಲ್ಲ. ಎರಡು ಗೆರೆ ಎಳೆದ ಕಾಗದವನ್ನು ಅರ್ಧ ಸುತ್ತು ತಿರುಗಿಸಿ ನೋಡಿ, ಗೆರೆಗಳು ಇದ್ದ ಹಾಗೇ ಕಾಣುತ್ತವೆ. ಬೇರೆ ಏನಾದರೂ ಸಾಕ್ಷಿ ಬೇಕು. ಬೆಳಗ್ಗೆ ಎಷ್ಟೇ ಮಂಜಿದ್ದರೂ ಪೂರ್ವದ ಕಡೆ ಬೆಳಕು ಸ್ವಲ್ಪ ಜಾಸ್ತಿ ಇರುತ್ತದೆ, ಅಷ್ಟು ಸಾಕು. ಹಡಗಿನವರು ಇದಕ್ಕೇ ಇನ್ನೊಂದು ನೆಟ್ಟನೆಯ ಆಂಟೆನಾ ಸೇರಿಸುತ್ತಿದ್ದರು.

ಕೈಯಲ್ಲಿ ದಿಕ್ಸೂಚಿ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ರೇಡಿಯೋ ಪಕ್ಕದಲ್ಲೇ ಇಡುವವರನ್ನು ನೋಡಿದರೆ ಸಿಟ್ಟು ಬರುತ್ತದೆ. ಸ್ಪೀಕರಿನ ಹಿಂದೆ ಆಯಸ್ಕಾಂತ ಇದೆ, ಮುಳ್ಳನ್ನು ಎಳೆಯುತ್ತದೆ. ಮೊಬೈಲಿನ ದಿಕ್ಸೂಚಿಗೂ ಅದೇ ಗತಿ. ರೇಡಿಯೋವನ್ನು ದೂರದಿಂದ ಹತ್ತಿರಕ್ಕೆ ತಂದು ನೋಡಿ, ಮುಳ್ಳು ಅಲುಗಲು ಶುರುವಾಗುವ ದೂರಕ್ಕಿಂತ ಆಚೆಯೇ ಅದು ಇರಲಿ.

ಹಂತ 5. ರಟ್ಟಿನ ಮೇಲೆ ಗೆರೆ

ಮಂಜಿಲ್ಲದ ದಿನ ಬಲೆ ಹಾಕುವ ಜಾಗಕ್ಕೆ ಹೋಗಿ. ಧಾರವಾಡ ಅಡಗುವ ಗೆರೆ ಹಿಡಿದು ರಟ್ಟಿನ ಮೇಲೆ ಎಳೆಯಿರಿ. ನಿಮ್ಮ ದಡದ ಗುಡಿಯೋ ಮರವೋ ಕಾಣುತ್ತಿದೆಯಲ್ಲ, ಅದರ ಕಡೆ ಇನ್ನೊಂದು ಗೆರೆ. ಸೂರ್ಯ ಹುಟ್ಟುವ ಕಡೆ ಒಂದು ಗುರುತು. ಮುಗಿಯಿತು. ಮಂಜಿನ ದಿನ ಮೊದಲ ಗೆರೆಯನ್ನು ರೇಡಿಯೋಗೆ ಹೊಂದಿಸಿದರೆ ಎರಡನೆಯದು ದಡ ತೋರಿಸುತ್ತದೆ. ಬಲೆಯ ಜಾಗ ಬೇರೆಯಾದರೆ ರಟ್ಟೂ ಬೇರೆ.

ಹರಗೋಲಿಗೆ ಮುಂದು ಹಿಂದು ಇಲ್ಲ, ಸುಮ್ನೆ ಕೂತರೂ ತಿರುಗುತ್ತದೆ. ಅಂಚಿನ ಮೇಲೆ ಒಂದು ಕಡೆ ಬಿಳಿ ಬಣ್ಣ ಬಳಿದುಕೊಳ್ಳಿ. ಒಬ್ಬರು ಹುಟ್ಟು ಹಾಕಲಿ, ಒಬ್ಬರು ರೇಡಿಯೋ ನೋಡಲಿ. ಸ್ವಲ್ಪ ದೂರ ಹೋಗುವುದು, ನಿಲ್ಲುವುದು, ಮತ್ತೆ ಗೆರೆ ಹಿಡಿಯುವುದು. ಬಿದಿರಿನ ಹರಗೋಲಿಗೆ ಒಂದು ಲಾಭ ಇದೆ, ಕಬ್ಬಿಣ ಇಲ್ಲ. ಕಬ್ಬಿಣದ ಹಡಗು ತಾನೇ ಅಲೆಯನ್ನು ಹಿಡಿದು ಮತ್ತೆ ಬಿಡುತ್ತದೆ, ಸ್ಟೇಷನ್ ಹಡಗಿನ ಮೂಲೆಗೆ ಅಂದರೆ 45 ಡಿಗ್ರಿಗೆ ಬಂದಾಗ ತಪ್ಪು ಎಲ್ಲಕ್ಕಿಂತ ಜಾಸ್ತಿ. ನಮ್ಮಲ್ಲಿ ಆ ಕಾಟ ಕೊಡುವುದು ದಡದ ಹತ್ತಿರದ ಹೈಟೆನ್ಷನ್ ಲೈನು. ಮುನಿರಾಬಾದಿನ ಪವರ್ ಹೌಸ್ ಕಡೆ ನಿಂತು ಗೆರೆ ಎಳೆದು ಅದನ್ನು ನಂಬಬೇಡಿ. ಅಣೆಕಟ್ಟೆಯ ಗೇಟಿನ ಕಡೆ ಅಂತೂ ಹೋಗಲೇಬೇಡಿ.

ಈಗ ಅಸಲು ಪ್ರಶ್ನೆ, ಎಷ್ಟು ಸರಿ?

ಲೆಕ್ಕ ಸುಲಭ. 60 ಕಿಲೋಮೀಟರ್ ದೂರಕ್ಕೆ ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ಪಕ್ಕಕ್ಕೆ. ಮುನಿರಾಬಾದಿನಿಂದ ಧಾರವಾಡ ನೇರ ಗೆರೆಯಲ್ಲಿ ಸುಮಾರು 140 ಕಿಲೋಮೀಟರ್. ಮೂರು ಡಿಗ್ರಿ ತಪ್ಪಿದರೆ ಏಳು ಕಿಲೋಮೀಟರ್ ಆಯಿತು! ಹಾಗಾಗಿ ದೂರದ ಎರಡು ಸ್ಟೇಷನ್ ಹಿಡಿದು, ನಕ್ಷೆಯ ಮೇಲೆ ಗೆರೆ ಕತ್ತರಿಸಿ, ‘ನಾನು ಇಲ್ಲಿದ್ದೇನೆ’ ಎಂದು ಚುಕ್ಕೆ ಇಡುವುದು ಹಿನ್ನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರಲ್ಲೂ ಕಲಬುರಗಿ ಮತ್ತು ಭದ್ರಾವತಿ ಜೋಡಿ. ಕೊಪ್ಪಳದ ಕಡೆಯಿಂದ ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ, ಎರಡೂ ಹೆಚ್ಚುಕಮ್ಮಿ ಒಂದೇ ಗೆರೆ. ಅವು ಎಲ್ಲಿ ಕತ್ತರಿಸುತ್ತವೆ ಎಂದು ದೇವರಿಗೇ ಗೊತ್ತು. ಗೆರೆಗಳು 90 ಡಿಗ್ರಿ ಹತ್ತಿರ ಕತ್ತರಿಸಬೇಕು. ಧಾರವಾಡದ ಜೊತೆ ಭದ್ರಾವತಿ ವಾಸಿ. ಕೃಷ್ಣೆಯ ಕಡೆಯ ರಾಯಚೂರಿನವರು ಹೈದರಾಬಾದ್ ಮತ್ತು ಕಲಬುರಗಿ ಹಿಡಿದು ಕಲಿಯಬಹುದು. ನಕ್ಷೆಯಲ್ಲಿ ಊರಿನ ಹೆಸರಿಗೆ ಗೆರೆ ಎಳೆಯಬೇಡಿ, ಟ್ರಾನ್ಸ್‌ಮಿಟರ್ ಇರುವುದು ಊರಾಚೆಯೂ ಇರಬಹುದು.

ಆದರೆ ಅದೇ ದೂರ ಇನ್ನೊಂದು ಕೆಲಸಕ್ಕೆ ಲಾಭ. ನೀವು ನೀರಿನ ಮೇಲೆ ಏಳು ಕಿಲೋಮೀಟರ್ ಅಡ್ಡ ಹೋದರೂ ಧಾರವಾಡದ ದಿಕ್ಕು ಬದಲಾಗುವುದು ಮೂರೇ ಡಿಗ್ರಿ. ಅಂದರೆ ದೂರದ ಸ್ಟೇಷನ್ ‘ನಾನು ಎಲ್ಲಿದ್ದೇನೆ’ ಎಂದು ಹೇಳಲಾರದು, ‘ಯಾವ ಕಡೆ ಹೋಗಬೇಕು’ ಎಂದು ಚೆನ್ನಾಗಿ ಹೇಳುತ್ತದೆ. ಎರಡು ಕಿಲೋಮೀಟರ್ ಆಚೆಯ ದಡಕ್ಕೆ ಮೂರು ಡಿಗ್ರಿ ತಪ್ಪಿದರೆ ನೂರು ಮೀಟರ್ ಅಷ್ಟೇ.

ಕೆಟ್ಟ ಸುದ್ದಿ ಹೊತ್ತಿನದು. ಕತ್ತಲಲ್ಲಿ ಮೀಡಿಯಂ ವೇವ್ ಆಕಾಶಕ್ಕೆ ಹೋಗಿ ಮೇಲಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ನೆಲದ ಮೇಲೆ ಬಂದ ಅಲೆಯೂ ಇದೂ ಸೇರಿದರೆ ಅಡಗುವ ಜಾಗ ಅಗಲವಾಗುತ್ತದೆ, ಕೆಲವು ಸಲ ಕಣ್ಣೆದುರೇ ಜಾರುತ್ತದೆ. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನಲ್ಲಿ ಇದು ವಿಪರೀತ. ನಮ್ಮ ಮಂಜು ಕೂರುವುದೂ ಅದೇ ಹೊತ್ತಿಗೆ ಅಲ್ವಾ? ಬೆಳಕು ಹರಿದು ಒಂದು ಗಂಟೆ ಆಗುವ ತನಕ ಇದ್ದಲ್ಲೇ ಇರಿ. ಅವಸರ ಮಾಡಬೇಡಿ. ಸಮುದ್ರದಲ್ಲಿ ಇನ್ನೊಂದಿದೆ. ಅಲೆ ನೆಲದಿಂದ ನೀರಿಗೆ ದಡವನ್ನು ಓರೆಯಾಗಿ ದಾಟಿದರೆ ಬಾಗುತ್ತದೆ, ನಾಲ್ಕೈದು ಡಿಗ್ರಿ ಹೋಯಿತು ಅಂತಲೇ ಲೆಕ್ಕ.

ಇಷ್ಟೆಲ್ಲ ತಪ್ಪಿದ್ದರೆ ಬಿಟ್ಟುಬಿಡೋಣವೇ? 1923ರ ಸೆಪ್ಟೆಂಬರ್ 8ರ ರಾತ್ರಿ ಕ್ಯಾಲಿಫೋರ್ನಿಯಾದ ಹೊಂಡಾ ಪಾಯಿಂಟ್‌ನಲ್ಲಿ ಅಮೆರಿಕ ನೌಕಾಪಡೆಯ ಏಳು ಡೆಸ್ಟ್ರಾಯರ್ ಹಡಗುಗಳು ಒಂದರ ಹಿಂದೆ ಒಂದು ಬಂಡೆಗೆ ಬಡಿದವು. ಮಂಜಿತ್ತು. ದಡದ ರೇಡಿಯೋ ಸ್ಟೇಷನ್ ದಿಕ್ಕು ಹೇಳಿತ್ತು, ಎಲ್ಲಕ್ಕಿಂತ ಮುಂದಿದ್ದ ಹಡಗಿನವರು ಅದನ್ನು ನಂಬದೆ ತಮ್ಮ ವೇಗ, ಸಮಯದ ಲೆಕ್ಕವನ್ನೇ ನಂಬಿದರು. 23 ಜನ ಸತ್ತರು. ಅದರ ಉಲ್ಟಾ ಕಥೆಯೂ ಇದೆ. 1934ರ ಮೇ 15ರಂದು ಒಲಿಂಪಿಕ್ ಎಂಬ ದೊಡ್ಡ ಹಡಗು ಮಂಜಿನಲ್ಲಿ ಅಮೆರಿಕದ ನಾಂಟುಕೆಟ್ ದೀಪದ ಹಡಗಿನ (ದೀಪಸ್ತಂಭದ ಹಾಗೆ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುವ ಹಡಗು) ರೇಡಿಯೋ ಬೀಕನ್ ಹಿಡಿದು ಬಂತು. ದಿಕ್ಕು ಎಷ್ಟು ಸರಿಯಾಗಿತ್ತು ಅಂದರೆ ನೇರ ಬಂದು ಆ ದೀಪದ ಹಡಗಿಗೇ ಗುದ್ದಿತು. ಅದರಲ್ಲಿದ್ದ 11 ಜನರಲ್ಲಿ 7 ಜನ ಹೋದರು. ದಿಕ್ಕು ಗೊತ್ತಿತ್ತು, ದೂರ ಗೊತ್ತಿರಲಿಲ್ಲ. ನಿಮ್ಮ ರಟ್ಟೂ ದೂರ ಹೇಳುವುದಿಲ್ಲ. ಅದಕ್ಕೆ ನಿಧಾನಕ್ಕೆ ಹುಟ್ಟು ಹಾಕಿ, ಲೈಫ್ ಜಾಕೆಟ್ ಮೈಮೇಲಿರಲಿ, ಆಗಾಗ ಸೀಟಿ ಊದಿ.

ಹಂತ 6. ಬೇಕೆಂದೇ ಪಕ್ಕಕ್ಕೆ ಹೋಗುವುದು

ದಡದ ಗುಡಿಗೇ ಗುರಿ ಇಡಬೇಡಿ. ಇಟ್ಟರೆ, ದಡ ಮುಟ್ಟಿದಾಗ ಗುಡಿ ಕಾಣದಿದ್ದರೆ ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯುವುದಿಲ್ಲ. ರಟ್ಟಿನ ಮೇಲೆ ದಡದ ಗೆರೆಯಿಂದ ಹತ್ತು ಡಿಗ್ರಿ ಎಡಕ್ಕೆ ಇನ್ನೊಂದು ಗೆರೆ ಎಳೆದು ಅದನ್ನೇ ಹಿಡಿದು ಹೋಗಿ. ಎರಡು ಕಿಲೋಮೀಟರಿಗೆ ಮುನ್ನೂರೈವತ್ತು ಮೀಟರ್ ಎಡಕ್ಕೆ ಹೋದ ಹಾಗಾಯಿತು, ರೇಡಿಯೋ ಐದು ಡಿಗ್ರಿ ಯಾವ ಕಡೆ ತಪ್ಪಿದರೂ ನೀವು ಗುಡಿಯ ಎಡಕ್ಕೇ ದಡ ಮುಟ್ಟುತ್ತೀರಿ. ಆಮೇಲೆ ದಡ ಬಿಡದೆ ಬಲಕ್ಕೆ ಹುಟ್ಟು ಹಾಕಿದರೆ ಆಯಿತು.