‘ಈಸ್ ಸೆಡ್ ಟು’ ಬಳಸುವುದು ಹೇಗೆ?

ಯಾರು ಹೇಳಿದರೆಂದು ಹೆಸರಿಸದೆ ‘ಅವನು ಶ್ರೀಮಂತನಂತೆ’ ಎನ್ನಲು ಇಂಗ್ಲಿಷಿನಲ್ಲಿ ಎರಡು ದಾರಿಗಳಿವೆ: ‘ಇಟ್ ಈಸ್ ಸೆಡ್ ದಟ್ ಹಿ ಈಸ್ ರಿಚ್’, ಇಲ್ಲವೇ ‘ಹಿ ಈಸ್ ಸೆಡ್ ಟು ಬಿ ರಿಚ್’. ಎರಡನೆಯದು ಚಿಕ್ಕದು, ಸುದ್ದಿ ಬರಹಕ್ಕೆ ಚೆನ್ನಾಗಿ ಒಗ್ಗುತ್ತದೆ. ಎರಡನ್ನೂ ಬೆರೆಸಿ ‘ಹಿ ಈಸ್ ಸೆಡ್ ದಟ್’ ಎಂದು ಶುರುಮಾಡಿದರೆ ವಾಕ್ಯ ಕೆಟ್ಟಿತು.

ನಿಜವಾದ ತೊಡಕು ಕಾಲದ್ದು. ಮಾತು ಈಗಿನ ಸ್ಥಿತಿಯ ಬಗ್ಗೆ ಇದ್ದರೆ ‘ಟು’ ನಂತರ ಕ್ರಿಯಾಪದದ ಮೂಲರೂಪ: ‘ಶಿ ಈಸ್ ಸೆಡ್ ಟು ಲಿವ್ ಅಲೋನ್’. ಈಗ ನಡೆಯುತ್ತಿರುವ ಕೆಲಸವಾದರೆ ‘ಟು ಬಿ ವರ್ಕಿಂಗ್’. ಮುಗಿದುಹೋದ ಸಂಗತಿಗೆ ‘ಟು ಹ್ಯಾವ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪ: ‘ಹಿ ಈಸ್ ಸೆಡ್ ಟು ಹ್ಯಾವ್ ಲೆಫ್ಟ್’, ಅಂದರೆ ಹೊರಟುಹೋದನಂತೆ. ಇಲ್ಲಿ ‘ಟು ಲೆಫ್ಟ್’ ಎಂದು ಬರೆದರೆ ತಪ್ಪು. ‘ಟು’ ಆದ ಕೂಡಲೇ ಭೂತಕಾಲದ ರೂಪ ಬರುವಂತಿಲ್ಲ. ಕಟ್ಟಡದಂಥ ವಸ್ತುವಾದರೆ ‘ಟು ಹ್ಯಾವ್ ಬೀನ್ ಬಿಲ್ಟ್’. ‘ಈಸ್’ ಜಾಗದಲ್ಲಿ ‘ವಾಸ್’ ಹಾಕಿದರೆ ಆ ಮಾತು ಆಗ ಚಾಲ್ತಿಯಲ್ಲಿತ್ತು ಎಂದಾಗುತ್ತದೆ.

ಬಿಲೀವ್ಡ್, ರಿಪೋರ್ಟೆಡ್, ನೋನ್, ಥಾಟ್, ಅಲೆಜ್ಡ್ ಇವೂ ಇದೇ ಅಚ್ಚಿನವು. ಆರೋಪ ಇನ್ನೂ ಸಾಬೀತಾಗದಿದ್ದರೆ ‘ಅಲೆಜ್ಡ್’ ಸರಿಯಾದ ಆಯ್ಕೆ. ‘ಟೋಲ್ಡ್’ ಮಾತ್ರ ಹುಷಾರು: ‘ಹಿ ಈಸ್ ಟೋಲ್ಡ್ ಟು ಗೋ’ ಎಂದರೆ ಅವನಿಗೆ ಹೋಗು ಎಂದು ಅಪ್ಪಣೆಯಾಗಿದೆ, ಹೋಗುತ್ತಾನಂತೆ ಎಂದಲ್ಲ. ‘ಸಪೋಸ್ಡ್ ಟು’ ಕೂಡ ಎಷ್ಟೋ ಸಲ ಕರ್ತವ್ಯದ ಅರ್ಥಕ್ಕೇ ಜಾರುತ್ತದೆ.